ಕೆಮ್‌ಸೆಕ್ಸ್‌ನಲ್ಲಿ ಸಿಲುಕಿದವರು ಬೆಂಗಳೂರಿನಲ್ಲಿ ನೆರವಿಗೆ ಎಲ್ಲಿಗೆ ಹೋಗಬೇಕು?

ಜಯನಗರವಾಸಿ
ನನ್ನ ಆಪ್ತ ಗೆಳೆಯನೊಬ್ಬನ ಪರವಾಗಿ, ಅವನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವನು ಸಲಿಂಗಿ, ಮನೆಯವರಿಗೆ ಅದು ಗೊತ್ತಿಲ್ಲ. ಕೆಲವು ಕಾಲದಿಂದ ವಾರಾಂತ್ಯಗಳಲ್ಲಿ, ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವರು ‘ಹೈ ಫನ್’ ಎಂದು ಕರೆಯುವ ಕೂಟಗಳಿಗೆ ಹೋಗುತ್ತಿದ್ದಾನೆ. ಮಾದಕವಸ್ತು ಸೇವಿಸಿ ಸಂಭೋಗಿಸುವ ಈ ರೂಢಿಗೇ ಕೆಮ್‌ಸೆಕ್ಸ್ ಎನ್ನುತ್ತಾರೆ. ಮೆಥ್ (ಮೆಥಾಂಫೆಟಮಿನ್) ಮತ್ತು ‘ಜಿ’ (ಜಿಎಚ್‌ಬಿ ಅಥವಾ ಜಿಬಿಎಲ್) ಎನ್ನುವ ದ್ರವ, ಇವೆರಡೂ ಅಲ್ಲಿರುತ್ತವೆ. ಶುಕ್ರವಾರ ರಾತ್ರಿ ಹೋದವನು ಭಾನುವಾರ ಮರಳುತ್ತಾನೆ. ಸೋಮವಾರ ಕಚೇರಿಯ ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಆರಿಸಿಕೊಂಡು ಕೂರುತ್ತಾನೆ. ಮಂಗಳವಾರ ಬದುಕುವುದೇ ಬೇಡವೆನ್ನುವಷ್ಟು ಕುಸಿಯುತ್ತಾನೆ.

ಧೈರ್ಯ ಮಾಡಿ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಹೋದ. ಅವರ ಅರ್ಜಿಯಲ್ಲಿ ಮದ್ಯ, ಗಾಂಜಾ, ತಂಬಾಕಿಗೆ ಮಾತ್ರ ಜಾಗವಿತ್ತು. ಎಲ್ಲಿ, ಯಾರೊಂದಿಗೆ, ಯಾಕೆ ಸೇವಿಸುತ್ತೀರಿ ಎಂಬ ಮಾತು ಬಂದಾಗ ಇವನು ನಿಜ ಹೇಳಿದ. ಮದುವೆಯಾದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಲಹೆ ಬಂತು. ಆಮೇಲೆ ಎಚ್‌ಐವಿ ಪರೀಕ್ಷೆಗೆಂದು ಬೇರೊಂದು ಕಡೆಗೆ ಹೋದರೆ ಅಲ್ಲಿ ಕಾಂಡೋಮ್ ಬಗ್ಗೆ ಸೌಜನ್ಯದಿಂದಲೇ ಮಾತನಾಡಿದರು, ಮಾದಕವಸ್ತುವಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈ ಎರಡನ್ನೂ ಒಂದೇ ಕುರ್ಚಿಯಲ್ಲಿ ಕುಳಿತು ಮಾತನಾಡಬಹುದಾದ ಜಾಗ ನಮ್ಮಲ್ಲಿ ಇದೆಯೇ? ಉಪದೇಶ ಬೇಡ, ದಯವಿಟ್ಟು ದಾರಿ ತಿಳಿಸಿ.

ನೇರನುಡಿ
ಇಂಥ ವಿಷಯವನ್ನು ಬಹಿರಂಗವಾಗಿ ಚರ್ಚಿಸಿದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಇದರಿಂದ ಯಾರಿಗೆ ಒಳ್ಳೆಯದಾಗುತ್ತದೆ?

ಜಯನಗರವಾಸಿ
ಗೊತ್ತಿದ್ದೂ ಸಾಯುತ್ತಿರುವವರಿಗೆ ಒಳ್ಳೆಯದಾಗುತ್ತದೆ, ಸ್ವಾಮಿ.

ಸಮಾಲೋಚಕ_ಮೈಸೂರು
ನಾನು ಸರ್ಕಾರಿ ಐಸಿಟಿಸಿಯೊಂದರಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರದಲ್ಲಿ, ಆಪ್ತಸಮಾಲೋಚಕನಾಗಿದ್ದೇನೆ. ನಿಮ್ಮ ಗೆಳೆಯನ ಅನುಭವ ಅಪರೂಪದ್ದಲ್ಲ. ನಮಗೆ ಕೊಟ್ಟಿರುವ ನಮೂನೆಯಲ್ಲಿ ಸೂಜಿ ಹಂಚಿಕೊಂಡಿದ್ದೀರಾ ಎಂಬ ಪ್ರಶ್ನೆಯಿದೆ, ಆದರೆ ಅದು ಹೆರಾಯಿನ್ ಚುಚ್ಚಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪ್ರಶ್ನೆ. ಐಟಿ ಕಂಪನಿಯ ಗುರುತಿನ ಪಟ್ಟಿ ಕೊರಳಲ್ಲಿ ಹಾಕಿಕೊಂಡು ಬಂದವನನ್ನು ಆ ಪ್ರಶ್ನೆ ಕೇಳಲು ಅನೇಕರಿಗೆ ತೋಚುವುದೇ ಇಲ್ಲ.

ತುರ್ತಾಗಿ ತಿಳಿದಿರಬೇಕಾದದ್ದು ಇದು. ಕಾಂಡೋಮ್ ಇಲ್ಲದ ಸಂಪರ್ಕವಾಗಿದ್ದರೆ ಅಥವಾ ಸೂಜಿ ಹಂಚಿಕೊಂಡಿದ್ದರೆ 72 ಗಂಟೆಗಳೊಳಗೆ ಪಿಇಪಿ, ಅಂದರೆ ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ, ಆರಂಭಿಸಬೇಕು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಈ ಕೂಟಗಳ ಕಷ್ಟವೇನೆಂದರೆ ಶುಕ್ರವಾರ ರಾತ್ರಿ ಆದದ್ದು ನೆನಪಾಗಿ ಭಯ ಹುಟ್ಟುವ ಹೊತ್ತಿಗೆ ಸೋಮವಾರ ಸಂಜೆಯಾಗಿರುತ್ತದೆ, ಅಷ್ಟರಲ್ಲಿ ಗಡುವು ಮುಗಿಯುತ್ತಾ ಬಂದಿರುತ್ತದೆ. ಪದೇ ಪದೇ ಹೋಗುವವರು ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಹೆಪಟೈಟಿಸ್ ಎ ಮತ್ತು ಬಿಗೆ ಲಸಿಕೆಯಿದೆ. ಸಿಗೆ ಲಸಿಕೆಯಿಲ್ಲ, ಆದರೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಒಮ್ಮೆ ಗುಣವಾದವರಿಗೂ ಅದು ಮತ್ತೆ ತಗಲಬಹುದು ಎಂಬುದನ್ನು ಮರೆಯಬಾರದು.

ದಾದಿ_ಲಂಡನ್
ದಾವಣಗೆರೆಯವಳು ನಾನು, ಲಂಡನ್ನಿನಲ್ಲಿ ಲೈಂಗಿಕ ಆರೋಗ್ಯ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡುತ್ತೇನೆ. ಜಯನಗರವಾಸಿಯವರೇ, ನೀವು ಹೇಳಿದ ಬಿರುಕು ಇಲ್ಲಿಯೂ ಇತ್ತು. ಇಲ್ಲಿನ ಮಾದಕವ್ಯಸನ ಕೇಂದ್ರಗಳು ಹೆರಾಯಿನ್, ಕ್ರ್ಯಾಕ್ ಮತ್ತು ಮದ್ಯಕ್ಕಾಗಿ ಕಟ್ಟಿದವು. ಸಲಿಂಗಿ ಪುರುಷರು ಅಲ್ಲಿಗೆ ಕಾಲಿಡಲು ಹಿಂಜರಿಯುತ್ತಿದ್ದರು. ಲೈಂಗಿಕ ರೋಗಗಳ ಕ್ಲಿನಿಕ್‌ಗೆ ಮಾತ್ರ ತಪ್ಪದೆ ಬರುತ್ತಿದ್ದರು. ಸೋಹೋದ 56 ಡೀನ್ ಸ್ಟ್ರೀಟ್ ಕ್ಲಿನಿಕ್ ಇದನ್ನು ಗಮನಿಸಿ, ಕೆಮ್‌ಸೆಕ್ಸ್ ಬಗ್ಗೆ ಮಾತನಾಡುವವರನ್ನು ತನ್ನ ಛಾವಣಿಯಡಿಯೇ ಕೂರಿಸಿತು. 2022ರಲ್ಲಿ ತೀರಿಕೊಂಡ ಡೇವಿಡ್ ಸ್ಟುವರ್ಟ್ ಅಲ್ಲಿ ಮಾಡಿದ ಕೆಲಸವನ್ನು ಹಲವು ದೇಶಗಳವರು ಬಂದು ನೋಡಿ ಕಲಿತರು. 1972ರಲ್ಲಿ ಹುಟ್ಟಿದ ಲಂಡನ್ ಫ್ರೆಂಡ್ ಎಂಬ ಸಂಸ್ಥೆಯ ‘ಆ್ಯಂಟಿಡೋಟ್’ ಸೇವೆ ಇನ್ನೊಂದು ಬಾಗಿಲು.

ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ರಕ್ತ ತೆಗೆಯುತ್ತಾ, ಬೇರೆಲ್ಲ ಪ್ರಶ್ನೆಗಳ ನಡುವೆ, ಅದೇ ದನಿಯಲ್ಲಿ ಕೇಳುತ್ತೇವೆ: ‘ಮಾದಕವಸ್ತು ಇಲ್ಲದೆ ನೀವು ಕೊನೆಯ ಬಾರಿ ಸಂಭೋಗಿಸಿದ್ದು ಯಾವಾಗ, ಅದು ಹೇಗಿತ್ತು?’ ಎಷ್ಟೋ ಜನ ಉತ್ತರಿಸುವ ಮೊದಲು ಗೋಡೆಯನ್ನು ನೋಡುತ್ತಾರೆ. ನಂತರದ ಮಾತು ಗುರಿಯ ಬಗ್ಗೆ. ಪೂರ್ತಿ ಬಿಡುತ್ತೇನೆ ಎಂದವರಿಗೆ ಅದಕ್ಕೆ ತಕ್ಕ ಯೋಜನೆ, ಮುಂದಿನ ಒಂದು ವಾರಾಂತ್ಯ ಮಾತ್ರ ಬಿಡುತ್ತೇನೆ ಎಂದವರಿಗೆ ಅದಕ್ಕೆ ತಕ್ಕದ್ದು, ಸೂಜಿ ಚುಚ್ಚಿಕೊಳ್ಳುವುದನ್ನಾದರೂ ನಿಲ್ಲಿಸುತ್ತೇನೆ ಎಂದವರಿಗೆ ಇನ್ನೊಂದು. ಗುರಿ ಅವರದು, ನಮ್ಮದಲ್ಲ.

ನೇರನುಡಿ
ಇದೇ ನನ್ನ ತಕರಾರು. ಸೂಜಿ ಬಿಟ್ಟು ಬೇರೆ ರೀತಿ ಸೇವಿಸಿ ಎಂದು ಸರ್ಕಾರದ ಸಂಬಳ ಪಡೆಯುವವರು ಹೇಳುವುದು ಒಪ್ಪಿಗೆಯ ಮುದ್ರೆ ಒತ್ತಿದಂತಲ್ಲವೇ? ಬಿಡು ಎನ್ನಬೇಕು, ಬಿಡಿಸಬೇಕು, ಅಷ್ಟೇ.

ಕಾಲೇಜು_ಮೇಷ್ಟ್ರು
ನೇರನುಡಿಯವರೇ, ಇದು ವಿದೇಶದಿಂದ ಬಂದ ಹೊಸ ವಿಚಾರವೇನೂ ಅಲ್ಲ. ಮಣಿಪುರದಲ್ಲಿ ಸೂಜಿಯ ಮೂಲಕ ಎಚ್‌ಐವಿ ಹರಡಿದಾಗ ಹೊಸ ಸೂಜಿ ಕೊಟ್ಟು ಹಳೆಯದನ್ನು ಹಿಂಪಡೆಯುವ ಕೆಲಸ ನಮ್ಮ ದೇಶದಲ್ಲೇ ನಡೆಯಿತು, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಅದನ್ನು ತನ್ನ ಕಾರ್ಯಕ್ರಮವನ್ನಾಗಿಯೇ ಮಾಡಿಕೊಂಡಿತು. ಬಿಡು ಎಂದು ಹೇಳುವವರ ಕೊರತೆ ಯಾವ ವ್ಯಸನಿಗೂ ಇಲ್ಲ. ಬಿಡುವ ದಿನದವರೆಗೆ ಅವನು ಬದುಕಿರಬೇಕಲ್ಲ?

ಹೊಸಬ_77
ಹಾಗಾದರೆ ಮೆಥ್‌ಗೂ ಬದಲಿ ಔಷಧಿ ಕೊಟ್ಟು ನಿಧಾನವಾಗಿ ಬಿಡಿಸಬಹುದಲ್ಲ? ಹೆರಾಯಿನ್‌ಗೆ ನಾಲಿಗೆಯಡಿ ಇಡುವ ಮಾತ್ರೆ ಕೊಡುತ್ತಾರೆಂದು ಕೇಳಿದ್ದೇನೆ.

ತುರ್ತುವೈದ್ಯ
ಆ ಮಾತ್ರೆ ಬುಪ್ರೆನಾರ್ಫಿನ್. ಅದು ಅಫೀಮಿನ ಕುಲದ ಮಾದಕವಸ್ತುಗಳಿಗೆ ಮಾತ್ರ. ಮೆಥ್‌ಗಾಗಲಿ ಅದರಂಥದ್ದೇ ಉತ್ತೇಜಕವಾದ ಮೆಫೆಡ್ರೋನ್‌ಗಾಗಲಿ ಅಂಥ ಬದಲಿ ಔಷಧಿ ಇಲ್ಲ; ಅಲ್ಲಿ ಮಾತಿನ ಚಿಕಿತ್ಸೆ, ನಿದ್ರೆ, ಆಹಾರ, ಖಿನ್ನತೆಗೆ ಚಿಕಿತ್ಸೆ, ಬಿಟ್ಟ ದಿನಗಳಿಗೆ ಸಣ್ಣ ಬಹುಮಾನ ಕೊಟ್ಟು ಹುರಿದುಂಬಿಸುವ ವಿಧಾನ, ಇವು ಕೆಲಸ ಮಾಡುತ್ತವೆ. ‘ಜಿ’ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಾನು ಕೆಲಸ ಮಾಡುವ ತುರ್ತು ವಿಭಾಗಕ್ಕೆ ಬರುವವರಲ್ಲಿ ಜೀವಕ್ಕೆ ಬೇಗ ಕುತ್ತು ತರುವುದು ಅದೇ.

ಅದು ನೀರಿನಂತೆಯೇ ಕಾಣುತ್ತದೆ. ಮತ್ತೇರಿಸುವ ಪ್ರಮಾಣಕ್ಕೂ ಪ್ರಜ್ಞೆ ತಪ್ಪಿಸುವ ಪ್ರಮಾಣಕ್ಕೂ ಇರುವ ಅಂತರ ಬಹಳ ಕಡಿಮೆ. ಊಟವಾಗಿದ್ದರೆ ಏರುವುದು ತಡವಾಗುತ್ತದೆ. ಏರಲಿಲ್ಲವೆಂದು ಇನ್ನೊಂದು ಬಾರಿ ಕುಡಿಯುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಏರಿ ಉಸಿರಾಟವನ್ನೇ ತಗ್ಗಿಸುತ್ತವೆ. ಮದ್ಯ, ಕೆಟಮಿನ್ ಅಥವಾ ನಿದ್ರೆಮಾತ್ರೆ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ಹೀಗಾಗಿ ಅಂದಾಜಿನಲ್ಲಿ ಸುರಿಯದೆ ಅಳೆಯುವುದು, ಯಾರು ಯಾವಾಗ ಎಷ್ಟು ತೆಗೆದುಕೊಂಡರು ಎಂದು ಫೋನಿನಲ್ಲೋ ಗೋಡೆಗೆ ಅಂಟಿಸಿದ ಹಾಳೆಯಲ್ಲೋ ಬರೆದಿಡುವುದು, ಬಾಟಲಿಗೆ ಅಡುಗೆಯ ನೀಲಿ ಬಣ್ಣದ ಒಂದು ಹನಿ ಹಾಕಿ ಯಾರೂ ನೀರೆಂದು ಕುಡಿಯದಂತೆ ಮಾಡುವುದು, ಒಬ್ಬರೇ ಇರುವಾಗ ಮುಟ್ಟದಿರುವುದು: ಇವೆಲ್ಲ ಜೀವ ಉಳಿಸಿರುವ ಕ್ರಮಗಳು.

ಒಬ್ಬ ಕುಸಿದು ಬಿದ್ದು, ಜೋರಾಗಿ ಕೂಗಿದರೂ ಹೆಗಲು ಅಲುಗಿಸಿದರೂ ಏಳದಿದ್ದರೆ ‘ಮಲಗಲಿ, ಇಳಿಯುತ್ತದೆ’ ಎಂದು ಬಿಡಬೇಡಿ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಗಲ್ಲ ಸ್ವಲ್ಪ ಮೇಲೆತ್ತಿ, ವಾಂತಿ ಗಂಟಲಿಗೆ ಇಳಿಯದಂತೆ ನೋಡಿಕೊಂಡು 108 ಅಥವಾ 112ಕ್ಕೆ ಕರೆ ಮಾಡಿ, ಪಕ್ಕದಲ್ಲೇ ಕುಳಿತಿರಿ. ಉಸಿರು ನಿಂತಿದ್ದರೆ ಎದೆ ಒತ್ತಲು ಆರಂಭಿಸಿ. ತಣ್ಣೀರು ಸುರಿಯುವುದು, ಕಾಫಿ ಕುಡಿಸುವುದು, ವಾಂತಿ ಮಾಡಿಸುವುದು ಯಾವುದೂ ಬೇಡ. ಮತ್ತು ಆಸ್ಪತ್ರೆಯಲ್ಲಿ ‘ಜಿ’ ಎಂದು ಬಾಯಿಬಿಟ್ಟು ಹೇಳಿ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಅದು ಗೊತ್ತಾಗುವುದಿಲ್ಲ, ನಾವು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಇನ್ನೊಂದು ಮಾತು. ನೇರನುಡಿಯವರು ‘ಬಿಡು ಎನ್ನಬೇಕು’ ಎಂದರು. ಹಗಲೂ ರಾತ್ರಿ ಕೆಲವು ಗಂಟೆಗೊಮ್ಮೆ ‘ಜಿ’ ಕುಡಿಯುತ್ತಿದ್ದವನು ಥಟ್ಟನೆ ನಿಲ್ಲಿಸಿದರೆ ನಡುಕ, ಸನ್ನಿ, ಫಿಟ್ಸ್ ಬಂದು ಸಾಯಲೂಬಹುದು. ಅಂಥವನನ್ನು ಆಸ್ಪತ್ರೆಯಲ್ಲಿಟ್ಟು ಔಷಧಿ ಕೊಟ್ಟೇ ಬಿಡಿಸಬೇಕು. ವಾರಾಂತ್ಯಕ್ಕೆ ಮಾತ್ರ ಕುಡಿಯುವವನಿಗೆ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ. ಎರಡರ ವ್ಯತ್ಯಾಸ ತಿಳಿಯದ ಕೇಂದ್ರದಲ್ಲಿ ಕೋಣೆಗೆ ಹಾಕಿ ಬೀಗ ಜಡಿದರೆ ಅದು ಚಿಕಿತ್ಸೆಯಲ್ಲ.

ನೇರನುಡಿ
ಈ ವಿಷಯ ನನಗೆ ತಿಳಿದಿರಲಿಲ್ಲ, ಡಾಕ್ಟ್ರೇ. ಆದರೂ ಕೇಳುತ್ತೇನೆ, ಆ ಕೋಣೆಯಲ್ಲಿದ್ದವರು ಆಂಬುಲೆನ್ಸ್ ಕರೆಯುತ್ತಾರೆಯೇ? ಓಡಿಹೋಗುವುದಿಲ್ಲವೇ?

ತುರ್ತುವೈದ್ಯ
ಓಡಿಹೋಗುತ್ತಾರೆ. ಆಟೋದಲ್ಲಿ ತಂದು ಗೇಟಿನ ಬಳಿ ಕೂರಿಸಿ ಹೋದದ್ದನ್ನು ಕಂಡಿದ್ದೇನೆ. ಹೆಸರಿಲ್ಲ, ಫೋನ್ ಲಾಕ್ ಆಗಿದೆ, ಬೆವರಿನಲ್ಲಿ ಅಂಗಿ ಒದ್ದೆಯಾಗಿದೆ, ಒಂದೇ ಕಾಲಿಗೆ ಚಪ್ಪಲಿ. ಅವನ ಎಚ್‌ಐವಿ ಮಾತ್ರೆ ಯಾವುದು, ಅಲರ್ಜಿ ಏನು, ಯಾರಿಗೂ ಗೊತ್ತಿಲ್ಲ.

ವಕೀಲ_ಹುಬ್ಬಳ್ಳಿ
ಓಡಿಹೋಗುವುದಕ್ಕೆ ಕಾರಣವಿದೆ, ಅದನ್ನು ಮುಚ್ಚಿಟ್ಟು ಧೈರ್ಯ ತುಂಬುವುದು ಸರಿಯಲ್ಲ. ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಸೇವನೆಯೂ ಅಪರಾಧ. ತಿಳಿದೂ ತನ್ನ ಮನೆಯನ್ನು ಇಂಥದ್ದಕ್ಕೆ ಬಿಟ್ಟುಕೊಟ್ಟವನನ್ನು 25ನೇ ಕಲಮು ಹಿಡಿಯುತ್ತದೆ. ಹೀಗಾಗಿ ಕೂಟ ನಡೆದ ಮನೆಯವನೇ ಎಲ್ಲರಿಗಿಂತ ಹೆಚ್ಚು ಹೆದರುತ್ತಾನೆ, ಅವನೇ ಆಂಬುಲೆನ್ಸ್ ಬೇಡವೆನ್ನುತ್ತಾನೆ. ವಿಷಪ್ರಾಶನದ ಶಂಕೆಯಿದ್ದರೆ ಆಸ್ಪತ್ರೆಯವರು ಮೆಡಿಕೋ ಲೀಗಲ್ ಪ್ರಕರಣವೆಂದು ದಾಖಲಿಸಿ ಪೊಲೀಸರಿಗೆ ತಿಳಿಸುವ ಪದ್ಧತಿಯೂ ಇದೆ. ರಸ್ತೆ ಅಪಘಾತದ ಗಾಯಾಳುವನ್ನು ಸೇರಿಸಿದವನಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನಲ್ಲಿ ರಕ್ಷಣೆ ಇದೆ. ಮಾದಕವಸ್ತು ಮಿತಿಮೀರಿ ಬಿದ್ದವನನ್ನು ಸೇರಿಸಿದವನಿಗೆ ಅಂಥದ್ದು ಇಲ್ಲ. ಅದು ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಇನ್ನೊಂದು ಬದಿಯನ್ನೂ ತಿಳಿದುಕೊಳ್ಳಿ. 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮೊದಲು ಜೀವ ಉಳಿಸಬೇಕು, ಕಾಗದಪತ್ರದ ಕೆಲಸ ಆಮೇಲೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಚಿಕಿತ್ಸೆಗೆ ಹೋದರೆ ಪ್ರಾಸಿಕ್ಯೂಷನ್‌ನಿಂದ ವಿನಾಯಿತಿ ಪಡೆಯಬಹುದು. ಇಲ್ಲಿ ಎರಡು ಷರತ್ತುಗಳನ್ನು ಗಮನಿಸಿ. ಆ ಆಸ್ಪತ್ರೆ ಅಥವಾ ಕೇಂದ್ರ ಸರ್ಕಾರದ್ದಾಗಿರಬೇಕು ಅಥವಾ ಸರ್ಕಾರದ ಮಾನ್ಯತೆ ಪಡೆದಿರಬೇಕು; ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗುತ್ತದೆ. ಬೋರ್ಡು ಹಾಕಿಕೊಂಡ ಯಾವುದೋ ಖಾಸಗಿ ಕೇಂದ್ರಕ್ಕೆ ಸೇರಿಸುವ ಮೊದಲು ಈ ಮಾನ್ಯತೆ ಇದೆಯೇ ಎಂದು ಕೇಳಲೇಬೇಕು.

ನೇರನುಡಿಯವರ ‘ಒಪ್ಪಿಗೆಯ ಮುದ್ರೆ’ ಎಂಬ ಮಾತಿಗೂ ಉತ್ತರ ಕಾನೂನಿನಲ್ಲೇ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಮು, ಎಚ್‌ಐವಿ ಹರಡುವ ಅಪಾಯವನ್ನು ತಗ್ಗಿಸಲು ಮಾಹಿತಿ, ಕಾಂಡೋಮ್, ಶುದ್ಧ ಸೂಜಿ ಮೊದಲಾದವನ್ನು ಕೊಡುವುದು ಅಪರಾಧವಲ್ಲ ಎನ್ನುತ್ತದೆ. ಸಮಾಲೋಚಕರು ನಿರ್ಭಯವಾಗಿ ಮಾತನಾಡಬಹುದು.

ಕಾಲೇಜು_ಮೇಷ್ಟ್ರು
2018ರ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ತೀರ್ಪು ಬಂದಾಗ ಭಯ ಮುಗಿಯಿತೆಂದು ನಾವೆಲ್ಲ ಸಂಭ್ರಮಿಸಿದೆವು. ಈ ಹುಡುಗರ ವಿಷಯದಲ್ಲಿ ಭಯ ಒಂದು ಕಲಮಿನಿಂದ ಎದ್ದು ಇನ್ನೊಂದು ಕಲಮಿನಲ್ಲಿ ಕುಳಿತಿದೆ.

ಹೊಸಬ_77
ಎಚ್‌ಐವಿ ಮಾತ್ರೆ ನುಂಗುವವರು ಇವನ್ನು ತೆಗೆದುಕೊಂಡರೆ ಸಾಯುತ್ತಾರೆ ಎಂದು ಒಬ್ಬ ಹೇಳಿದ. ಹಾಗಾಗಿ ಅವನು ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರೆ ನಿಲ್ಲಿಸುತ್ತಾನಂತೆ. ಇದು ಸರಿಯೇ?

ಸಮಾಲೋಚಕ_ಮೈಸೂರು
ಖಂಡಿತ ಸರಿಯಲ್ಲ, ಇದನ್ನು ಅವನಿಗೆ ಇವತ್ತೇ ತಿಳಿಸಿ. ರಿಟೋನವಿರ್ ಅಥವಾ ಕೋಬಿಸಿಸ್ಟ್ಯಾಟ್ ಸೇರಿರುವ ಚಿಕಿತ್ಸೆಯಲ್ಲಿ ಅಪಾಯ ನಿಜ. ಅವು ಈ ಮಾದಕವಸ್ತುಗಳನ್ನೂ ವಯಾಗ್ರವನ್ನೂ ರಕ್ತದಲ್ಲಿ ಹೆಚ್ಚಿಸಬಲ್ಲವು. ಆದರೆ ಎಚ್‌ಐವಿಗೆ ಚಿಕಿತ್ಸೆ ಕೊಡುವ ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಈಗ ಮೊದಲ ಸಾಲಿನಲ್ಲಿ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿ ಇವೆರಡೂ ಇಲ್ಲ. ವಾರಾಂತ್ಯದಲ್ಲಿ ಮಾತ್ರೆ ಬಿಡುತ್ತಾ ಹೋದರೆ ವೈರಸ್ ಮತ್ತೆ ತಲೆಯೆತ್ತುತ್ತದೆ. ಅವನ ಡಬ್ಬಿಯ ಮೇಲಿನ ಹೆಸರು ಓದಿಕೊಂಡು ಎಆರ್‌ಟಿ ವೈದ್ಯರನ್ನೇ ಕೇಳಲಿ, ಸೇವಿಸುವುದೆಲ್ಲವನ್ನೂ ಮುಚ್ಚಿಡದೆ ಹೇಳಲಿ.

ತುರ್ತುವೈದ್ಯ
ಇದಕ್ಕೊಂದು ಸೇರ್ಪಡೆ. ಪಾಪರ್ಸ್ (ಮೂಸುವ ಮಾದಕ ದ್ರವ) ಮತ್ತು ವಯಾಗ್ರ ಜೊತೆಯಾದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಎಚ್‌ಐವಿ ಇರಲಿ ಬಿಡಲಿ, ಆ ಜೋಡಿ ಬೇಡವೇ ಬೇಡ.

ಹೊರಬಂದವ
ಈ ಚರ್ಚೆಯನ್ನು ಓದುತ್ತಾ ಕುಳಿತಿದ್ದೆ, ಬರೆಯದಿರಲು ಆಗಲಿಲ್ಲ. ನಾನು ಹಾಸನ ಜಿಲ್ಲೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದವನು. ಎಲ್ಲರೂ ಮಾದಕವಸ್ತುವಿನ ಬಗ್ಗೆಯೇ ಕೇಳುತ್ತಾರೆ, ಅದು ಏನು ಕೊಟ್ಟಿತು ಎಂದು ಯಾರೂ ಕೇಳುವುದಿಲ್ಲ. ನನ್ನ ಮೈಯ ಬಗ್ಗೆ, ನನ್ನ ಆಸೆಯ ಬಗ್ಗೆ ಹದಿಹರೆಯದಿಂದ ಹೊತ್ತಿದ್ದ ನಾಚಿಕೆ ಆ ಕೋಣೆಯಲ್ಲಿ ಕೆಲವು ಗಂಟೆ ಇಲ್ಲವಾಗುತ್ತಿತ್ತು. ಗಂಡಸರು ನನ್ನನ್ನು ಹೆಸರು ಹಿಡಿದು ಕರೆದು, ಕುಡಿಯಲು ನೀರು ಕೊಟ್ಟು, ಹೆಗಲ ಮೇಲೆ ಕೈ ಹಾಕುತ್ತಿದ್ದ ಏಕೈಕ ಸ್ಥಳ ಅದಾಗಿತ್ತು. ಅದನ್ನು ಕಿತ್ತುಕೊಂಡು ಬದಲಿಗೆ ಖಾಲಿ ಪಿಜಿ ಕೋಣೆಯನ್ನು ಕೊಟ್ಟರೆ ಯಾರು ಬಿಡುತ್ತಾರೆ?

ಕೊನೆಗೆ ನಿದ್ರೆಯಿಲ್ಲದ ಒಂದು ಮುಂಜಾವದಲ್ಲಿ ಕಿಟಕಿಯ ಪರದೆಯ ಹಿಂದೆ ಪೊಲೀಸರಿದ್ದಾರೆಂದು ಖಚಿತವಾಗಿ ನಂಬಿ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದೆ. ಮರುದಿನ ಗೆಳೆಯನೊಬ್ಬ ನಿಮ್ಹಾನ್ಸ್‌ಗೆ ಕರೆದೊಯ್ದ. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಚೀಟಿ ಮಾಡಿಸಿ ಬಹಳ ಹೊತ್ತು ಕಾಯಬೇಕಾಯಿತು, ಆದರೆ ನಾನು ಸಲಿಂಗಿ ಎಂದಾಗ ಎದುರಿಗಿದ್ದ ಯುವ ವೈದ್ಯೆ ಪೆನ್ನು ನಿಲ್ಲಿಸಲಿಲ್ಲ. ಅಷ್ಟೇ ಸಾಕಾಯಿತು.

ನನಗೆ ನಿಜವಾಗಿ ಕಷ್ಟವಾಗಿದ್ದು ಶುಕ್ರವಾರ ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತು. ಆ ಹೊತ್ತಿನಲ್ಲಿ ಆ್ಯಪ್ ಅಳಿಸಿ, ಯುಪಿಐ ಖಾತೆಯಲ್ಲಿ ಊಟಕ್ಕಾಗುವಷ್ಟು ಮಾತ್ರ ಇಟ್ಟು, ವಿಷಯ ತಿಳಿದಿದ್ದ ಒಬ್ಬ ಗೆಳೆಯನ ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ಜಾರಿದ್ದೂ ಇದೆ. ಜಾರಿದಾಗ ಬೈಯದ ಸಮಾಲೋಚಕರು ಸಿಕ್ಕಿದ್ದು ನನ್ನ ಪುಣ್ಯ.

ಶಿವಮೊಗ್ಗದ_ಅಕ್ಕ
ತಮ್ಮಾ, ನಿಮ್ಮ ಬರಹ ಓದಿ ಕೈ ನಡುಗಿತು. ನನ್ನ ತಮ್ಮನೂ ಬೆಂಗಳೂರಿನಲ್ಲಿದ್ದಾನೆ. ತುಂಬ ಸಣ್ಣಗಾಗಿದ್ದಾನೆ, ಹಬ್ಬಕ್ಕೆ ಬಂದರೆ ಎರಡು ದಿನ ಮಲಗಿಯೇ ಇರುತ್ತಾನೆ, ತೋಳಿನಲ್ಲಿ ಗುರುತುಗಳಿವೆ. ಅವನು ಹೇಗೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತು, ಅವನು ಹೇಳಿಲ್ಲ, ನಾನು ಕೇಳಿಲ್ಲ. ಈಗ ಹೇಗೆ ಮಾತು ತೆಗೆಯಲಿ?

ಹೊರಬಂದವ
ಅಕ್ಕಾ, ಎರಡನ್ನೂ ಒಟ್ಟಿಗೆ ಕೇಳಬೇಡಿ. ‘ನೀನು ಹೇಗಿದ್ದರೂ ನನ್ನ ತಮ್ಮನೇ, ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ, ಆದರೆ ನಿನ್ನ ಆರೋಗ್ಯ ನೋಡಿ ಹೆದರಿಕೆಯಾಗುತ್ತಿದೆ’ ಎಂದಷ್ಟೇ ಹೇಳಿ. ಅವನ ಫೋನು ತೆಗೆದು ನೋಡಬೇಡಿ. ಆಸ್ಪತ್ರೆಗೆ ಜೊತೆಗೆ ಬರುತ್ತೇನೆ ಎನ್ನಿ, ಒಳಗೆ ಬರುವುದಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ ಎಂಬುದನ್ನೂ ಸೇರಿಸಿ. ನನ್ನ ಅಕ್ಕ ಅದನ್ನು ಹೇಳಿದ್ದರೆ ನಾನು ಇನ್ನೂ ಮೊದಲೇ ಹೋಗುತ್ತಿದ್ದೆ.

ದಾದಿ_ಲಂಡನ್
ತೋಳಿನ ಗುರುತು ಕೆಂಪಾಗಿ ಬಿಸಿಯಾಗಿ ಊದಿಕೊಂಡಿದ್ದರೆ ಅಥವಾ ಜ್ವರವಿದ್ದರೆ ಕಾಯಬೇಡಿ, ಅಕ್ಕಾ. ಅದಕ್ಕೆ ತಕ್ಷಣ ಚಿಕಿತ್ಸೆ ಬೇಕು. ಇಲ್ಲಿ ಸೂಜಿ ಬಳಸುವವರಿಗೆ ಬೇರೆ ಬೇರೆ ಬಣ್ಣದ ಸಿರಿಂಜ್‌ಗಳನ್ನು ಕೊಡುವುದುಂಟು, ಕತ್ತಲೆ ಕೋಣೆಯಲ್ಲಿ ಒಬ್ಬರದು ಇನ್ನೊಬ್ಬರಿಗೆ ಹೋಗದಿರಲೆಂದು. ಹೆಪಟೈಟಿಸ್ ಸಿ ಸಿರಿಂಜ್‌ನಿಂದ ಮಾತ್ರವಲ್ಲ, ಹಂಚಿಕೊಂಡ ಚಮಚ ಮತ್ತು ನೀರಿನಿಂದಲೂ ಹರಡುತ್ತದೆ.

ಇಂದಿರಾನಗರ_ಓದುಗ
ಯಾರೂ ಮುಟ್ಟದ ಒಂದು ವಿಷಯ: ಸಮ್ಮತಿ. ಪ್ರಜ್ಞೆಯಿಲ್ಲದವನ ಮೇಲೆ ನಡೆದದ್ದು ಅತ್ಯಾಚಾರ. ‘ನೀನೇ ಹೋಗಿದ್ದೆಯಲ್ಲ’ ಎಂಬ ಮಾತಿನಿಂದ ಅದು ಬದಲಾಗುವುದಿಲ್ಲ. ಆಮೇಲೆ ಅದರ ವಿಡಿಯೊ ತೋರಿಸಿ ಹಣ ಕೇಳುವವರಿದ್ದಾರೆ. ಪೊಲೀಸರ ಬಳಿ ಹೋದರೆ ಮಾದಕವಸ್ತುವಿನ ಪ್ರಕರಣವೂ ಬೀಳುತ್ತದೆಂದು ಎಷ್ಟೋ ಜನ ತಿಂಗಳುಗಟ್ಟಲೆ ಹಣ ಕಟ್ಟುತ್ತಾರೆ.

ವಕೀಲ_ಹುಬ್ಬಳ್ಳಿ
ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ, ಆದ್ದರಿಂದ ಹಣ ಕೊಡಬೇಡಿ. ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮೊದಲು ವಕೀಲರನ್ನು ಕಂಡು ಅವರೊಂದಿಗೆ ಠಾಣೆಗೆ ಹೋಗಿ. ಹಣ ಸುಲಿಗೆ ಮಾಡುವುದು ಪ್ರತ್ಯೇಕ ಅಪರಾಧ.

ನೇರನುಡಿ
ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ; ಮಾದಕವಸ್ತು ಕೆಟ್ಟದ್ದೇ, ಬಿಡಬೇಕಾದದ್ದೇ. ಆದರೆ ಮದುವೆ ಮಾಡಿಸಿ ಎಂದ ಆ ಕೇಂದ್ರಕ್ಕಿಂತ ಅಳತೆ ಬರೆದಿಡಿ ಎಂದ ಡಾಕ್ಟರು ಹೆಚ್ಚು ಕಾಳಜಿಯ ಮಾತಾಡಿದ್ದಾರೆ ಎಂಬುದನ್ನು ಒಪ್ಪುತ್ತೇನೆ. ಒಂದು ಹೆಣ್ಣಿನ ಬಾಳನ್ನೂ ಸೇರಿಸಿ ಹಾಳುಮಾಡುವ ಸಲಹೆ ಅದು.

ಸಮಾಲೋಚಕ_ಮೈಸೂರು
ಆ ಸಲಹೆ ಕಾನೂನಿಗೂ ಒಗ್ಗುವಂಥದ್ದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾದಕವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆಗಳನ್ನೂ ಒಳಗೊಳ್ಳುತ್ತದೆ, ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದೆನ್ನುತ್ತದೆ, ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ.

ಜಯನಗರವಾಸಿಯವರ ಮೂಲ ಪ್ರಶ್ನೆಗೆ ಬರುತ್ತೇನೆ. ಎರಡನ್ನೂ ಒಟ್ಟಿಗೆ ಕೇಳುವ ಸರ್ಕಾರಿ ಕ್ಲಿನಿಕ್ ನನಗೆ ತಿಳಿದಂತೆ ರಾಜ್ಯದಲ್ಲಿ ಇಲ್ಲ. ಬಿಡಿ ಬಿಡಿಯಾಗಿ ಎಲ್ಲವೂ ಇದೆ: ನಿಮ್ಹಾನ್ಸ್, ಜಿಲ್ಲಾಸ್ಪತ್ರೆಗಳ ಮನೋವೈದ್ಯರು, ಐಸಿಟಿಸಿ, ಎಆರ್‌ಟಿ ಕೇಂದ್ರ, ಕನ್ನಡದಲ್ಲೇ ಮಾತನಾಡುವ ಟೆಲಿ ಮಾನಸ್ 14416, ವ್ಯಸನಮುಕ್ತಿಗೆ 14446, ಎಚ್‌ಐವಿ ಮಾಹಿತಿಗೆ 1097. ಮಂಗಳವಾರದ ಆ ಕುಸಿತದಲ್ಲಿ ಸಾಯುವ ಯೋಚನೆ ಬಂದರೆ ಹಗಲಿರಲಿ ರಾತ್ರಿಯಿರಲಿ 14416ಕ್ಕೆ ಕರೆ ಮಾಡಬಹುದು. ಹೊಲಿಗೆ ಹಾಕುವವರು ಮಾತ್ರ ಇಲ್ಲ. ಇಲಾಖೆಗೆ ನಾವು ಕೇಳಬೇಕಾದದ್ದು ಹೊಸ ಕಟ್ಟಡವನ್ನಲ್ಲ. ನಮ್ಮ ನಮೂನೆಯಲ್ಲಿ ಎರಡು ಪ್ರಶ್ನೆ, ನಮಗೆ ಅದನ್ನು ಕೇಳುವ ತರಬೇತಿ, ವ್ಯಸನ ವಿಭಾಗಕ್ಕೆ ಕೈಹಿಡಿದು ಕಳಿಸಿಕೊಡಲು ಒಬ್ಬ ಸಿಬ್ಬಂದಿ.

ಜಯನಗರವಾಸಿ
ಎಲ್ಲರಿಗೂ ಕೃತಜ್ಞತೆಗಳು. ಗೆಳೆಯನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವನು ಕೇಳಿದ ಪ್ರಶ್ನೆ ಒಂದೇ: ನಿಮ್ಹಾನ್ಸ್‌ಗೆ ಹೋಗುವ ದಿನದವರೆಗೆ ಏನನ್ನೂ ಸೇವಿಸಿರಬಾರದೇ? ಈ ವಾರ ಬಿಡಲು ಆಗದಿದ್ದರೆ ಒಳಗೆ ಬಿಡುವುದಿಲ್ಲವೇ?

ಹೊರಬಂದವ
ಬಿಡುತ್ತಾರೆ. ನಾನು ಹೋದದ್ದೇ ಹಾಗೆ. ಯಾವಾಗ, ಏನು, ಎಷ್ಟು ತೆಗೆದುಕೊಂಡೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು, ನುಂಗುವ ಮಾತ್ರೆಗಳ ಪಟ್ಟಿಯನ್ನೂ ಹಿಡಿದುಕೊಂಡು ಬೆಳಿಗ್ಗೆ ಬೇಗ ಬರಲಿ. ಒಬ್ಬನೇ ಬರಲು ಹಿಂಜರಿಕೆಯಾದರೆ ನನಗೆ ಖಾಸಗಿ ಸಂದೇಶ ಕಳಿಸಲಿ, ರಜೆ ಹಾಕಿ ಬರುತ್ತೇನೆ.